ಮಾತೆ ಕುಡಿಯುವ ಸೋರೆ ಬುರುಡೆ: ಆರಿಸುವುದು, ಪಳಗಿಸುವುದು, ಜೋಪಾನ ಮಾಡುವುದು

ಉರುಗ್ವೆಯಿಂದ ಮೊದಲ ಸಲ ಊರಿಗೆ ಬಂದಾಗ ನನ್ನ ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ಸುತ್ತಿಟ್ಟ ಒಂದು ಬುರುಡೆ ಇತ್ತು. ಅಮ್ಮ ಅದನ್ನು ಎತ್ತಿಕೊಂಡು, ತಿರುಗಿಸಿ ನೋಡಿ, ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದಳು. ಟಕ್ ಟಕ್ ಅಂತ ಗಟ್ಟಿ ಸದ್ದು ಬಂತು. "ಇದು ಸೋರೆ ಬುರುಡೆ ಅಲ್ವೇನೋ? ಇದಕ್ಕೆ ಚರ್ಮ ಯಾಕೆ ಹೊಲಿದಿದಾರೆ?" ಅಂದಳು.

ಅಮ್ಮ ಹೇಳಿದ್ದು ಸರಿ. ಯೆರ್ಬಾ ಮಾತೆ ಅಂದರೆ ಒಣ ಸೊಪ್ಪಿಗೆ ಬಿಸಿನೀರು ಹಾಕಿ ಕೊಳವೆಯಿಂದ ಹೀರುವ ಕಹಿ ಪಾನೀಯ. ದಕ್ಷಿಣ ಅಮೆರಿಕದವರು ಅದನ್ನು ಕುಡಿಯುವ ಬುರುಡೆ ನಮ್ಮ ಹಿತ್ತಲಿನ ಸೋರೆಯದೇ ಜಾತಿ. ಸಸ್ಯಶಾಸ್ತ್ರದಲ್ಲಿ ಎರಡಕ್ಕೂ ಒಂದೇ ಹೆಸರು, ಲಗೆನೇರಿಯಾ ಸಿಸೆರೇರಿಯಾ. ನಮ್ಮಲ್ಲಿ ಬೀಜ ತುಂಬಿಡಲು, ಈಜು ಕಲಿಯುವ ಮಕ್ಕಳ ಸೊಂಟಕ್ಕೆ ಕಟ್ಟಲು, ಕಿನ್ನರಿ ಜೋಗಿಗಳ ವಾದ್ಯಕ್ಕೆ ಬಳಸುತ್ತಿದ್ದ ಒಣ ಬುರುಡೆ ಅಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಜನರ ಅಂಗೈಯಲ್ಲಿರುತ್ತದೆ. ಉರುಗ್ವೆಯ ರಾಜಧಾನಿ ಮಾಂಟೆವಿಡಿಯೊದಲ್ಲಿ ಸಂಜೆ ಹೊತ್ತು ನದಿ ದಂಡೆಯ ರಾಂಬ್ಲಾ ರಸ್ತೆಗೆ ಹೋಗಿ ನೋಡಬೇಕು. ಕಂಕುಳಲ್ಲಿ ಥರ್ಮಾಸ್ ಫ್ಲಾಸ್ಕ್, ಕೈಯಲ್ಲಿ ಬುರುಡೆ. ಮಗುವಿನ ಗಾಡಿ ತಳ್ಳುವವರೂ ಹಾಗೆಯೇ, ಪ್ರೇಮಿಗಳೂ ಹಾಗೆಯೇ, ಮೀನು ಹಿಡಿಯಲು ಗಾಳ ಹಾಕಿ ಕೂತವರೂ ಹಾಗೆಯೇ.

ಈಗ ನಮ್ಮ ಕಡೆಯೂ ಕೆಲವರು ಮಾತೆ ಕುಡಿಯುತ್ತಾರೆ. ಮೆಸ್ಸಿ ಕೈಯಲ್ಲಿ ಬುರುಡೆ ನೋಡಿ ಆಸೆಪಟ್ಟವರಿದ್ದಾರೆ. ಕೊಲ್ಲಿ ದೇಶಗಳಲ್ಲಿ ಸಿರಿಯಾ, ಲೆಬನಾನ್ ಗೆಳೆಯರ ಮನೆಯಲ್ಲಿ ರುಚಿ ನೋಡಿದವರಿದ್ದಾರೆ. ಸಿರಿಯಾದವರಿಗೆ ಇದು ಮನೆಮಾತಿನ ಪಾನೀಯ. ಆನ್‌ಲೈನಲ್ಲಿ ಸೊಪ್ಪಿನ ಪುಡಿಯೂ ಸಿಗುತ್ತದೆ, ಬುರುಡೆಯೂ ಸಿಗುತ್ತದೆ. ಆದರೆ ಬುರುಡೆ ತರಿಸಿಕೊಂಡವರಲ್ಲಿ ಹೆಚ್ಚಿನವರು ಎರಡು ತಿಂಗಳಲ್ಲಿ ಬೂಷ್ಟು ಹಿಡಿಸಿ ಎಸೆಯುತ್ತಾರೆ. ನನಗೆ ಪರಿಚಯದವರಲ್ಲೇ ಮೂವರು ಹಾಗೆ ಮಾಡಿದ್ದಾರೆ. ಅದನ್ನು ಕೇಳಿದಾಗ ನಿಜಕ್ಕೂ ಬೇಜಾರಾಗುತ್ತದೆ. ಒಳ್ಳೆಯ ಬುರುಡೆ ವರ್ಷಗಟ್ಟಲೆ ಬಾಳುತ್ತದೆ, ಬಳಸಿದಷ್ಟೂ ರುಚಿ ಕೊಡುತ್ತದೆ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಹೆಸರಿನ ಬಗ್ಗೆ ಸ್ವಲ್ಪ

ಮಾತೆ ಅನ್ನುವಾಗ ಮೊದಲ ಅಕ್ಷರಕ್ಕೆ ಒತ್ತು. ನಮ್ಮ ತಾಯಿ ಅನ್ನುವ ಅರ್ಥದ ಮಾತೆಗೂ ಇದಕ್ಕೂ ಸಂಬಂಧವಿಲ್ಲ. ಕೆಚುವಾ ಭಾಷೆಯ 'ಮಾತಿ' ಅನ್ನುವ ಪದದಿಂದ ಬಂದಿದ್ದು. ಆ ಪದದ ಅರ್ಥವೇ ಬುರುಡೆ. ಅಂದರೆ ಪಾತ್ರೆಯ ಹೆಸರೇ ಕುಡಿಯುವ ಪದಾರ್ಥಕ್ಕೂ ಬಂತು. ಇವತ್ತಿಗೂ ಉರುಗ್ವೆ, ಅರ್ಜೆಂಟೀನಾಗಳಲ್ಲಿ 'ಮಾತೆ ಕೊಡು' ಅಂದರೆ ಬುರುಡೆ ಕೊಡು ಅಂತಲೂ ಆಗುತ್ತದೆ, ಕುಡಿಯಲು ಕೊಡು ಅಂತಲೂ ಆಗುತ್ತದೆ. ಒಳಗೆ ಹಾಕುವ ಒಣ ಸೊಪ್ಪು ಯೆರ್ಬಾ. ಮಾಂಟೆವಿಡಿಯೊದವರ ಬಾಯಲ್ಲಿ ಅದು 'ಶೆರ್ಬಾ'. ಹೀರುವ ಲೋಹದ ಕೊಳವೆ ಬೊಂಬಿಶಾ. ಈ ಸೊಪ್ಪನ್ನು ಮೊದಲಿನಿಂದ ಬಲ್ಲವರು ಪರಾಗ್ವೆ ಸುತ್ತಮುತ್ತಲ ಗ್ವಾರಾನಿ ಜನ.

ಮೊದಲು ಯಾವ ಯೆರ್ಬಾ, ಆಮೇಲೆ ಯಾವ ಬುರುಡೆ

ಬುರುಡೆ ನೋಡಲು ಚೆನ್ನಾಗಿದೆ ಅಂತ ಕೊಳ್ಳಬೇಡಿ. ಯಾವ ಸೊಪ್ಪು ಕುಡಿಯುತ್ತೀರಿ ಅಂತ ಮೊದಲು ತೀರ್ಮಾನ ಮಾಡಿ.

ಅರ್ಜೆಂಟೀನಾದ ಯೆರ್ಬಾದಲ್ಲಿ ಎಲೆ ಜೊತೆ ಸಣ್ಣ ಸಣ್ಣ ಕಡ್ಡಿಗಳಿರುತ್ತವೆ. ಅದು ಬೆಳೆಯುವುದು ಮಿಸಿಯೋನೆಸ್ ಮತ್ತು ಕೊರಿಯೆಂತೆಸ್ ಪ್ರಾಂತ್ಯಗಳಲ್ಲಿ. ಇದಕ್ಕೆ ಚಿಕ್ಕ ಬುರುಡೆ ಸಾಕು, 150 ಮಿಲಿಲೀಟರ್ ಹಿಡಿಸಿದರೆ ಬೇಕಾದಷ್ಟಾಯಿತು. ಉರುಗ್ವೆಯವರದು ಕಡ್ಡಿ ಇಲ್ಲದ, ನುಣ್ಣಗಿನ, ಪುಡಿ ಜಾಸ್ತಿ ಇರುವ ಯೆರ್ಬಾ. ಅದು ಬಹುಪಾಲು ಬ್ರೆಜಿಲ್‌ನಿಂದ ಬರುತ್ತದೆ. ಇದಕ್ಕೆ ಬಾಯಿ ಅಗಲವಿರುವ, ಗೋಡೆ ದಪ್ಪಗಿರುವ ಬುರುಡೆ ಬೇಕು. ಯಾಕೆಂದರೆ ಒಂದು ಬದಿಗೆ ಯೆರ್ಬಾವನ್ನು ದಿಬ್ಬದ ಹಾಗೆ ಒಣಗಿಟ್ಟು, ಇನ್ನೊಂದು ಬದಿಗೆ ಮಾತ್ರ ನೀರು ಹಾಕುತ್ತಾರೆ. ಬಾಯಿ ಕಿರಿದಾದರೆ ದಿಬ್ಬ ನಿಲ್ಲುವುದಿಲ್ಲ. ದಕ್ಷಿಣ ಬ್ರೆಜಿಲ್‌ನವರ ಶಿಮರ್ರಾಂವ್ ಇನ್ನೂ ಬೇರೆ. ಅರಿಶಿನ ಪುಡಿಯಷ್ಟು ನುಣ್ಣಗೆ, ಕಣ್ಣಿಗೆ ಹೊಡೆಯುವ ಹಸಿರು. ಅದಕ್ಕೆ ಬಾಯಿ ಅರಳಿದ, ನಡುವೆ ಸೊಂಟ ಇರುವ ದೊಡ್ಡ ಬುರುಡೆ. ಅವರು ಅದನ್ನು ಕುಯಾ ಅನ್ನುತ್ತಾರೆ.

ಪರಾಗ್ವೆಯ ತೆರೆರೆ ತಣ್ಣೀರಿನದು. ಅದನ್ನು ಸಾಮಾನ್ಯವಾಗಿ ದನದ ಕೊಂಬಿನ ಪಾತ್ರೆಯಲ್ಲಿ ಅಥವಾ ಲೋಟದಲ್ಲಿ ಕುಡಿಯುತ್ತಾರೆ. ತೆರೆರೆ ಆಚರಣೆ 2020ರಲ್ಲಿ ಯುನೆಸ್ಕೋದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿತು. ನಮ್ಮ ಬೇಸಿಗೆಗೆ ಚೆನ್ನಾಗಿ ಹೊಂದುವ ಪಾನೀಯ, ಆದರೆ ಅದಕ್ಕಾಗಿ ಬುರುಡೆ ಕೊಳ್ಳಬೇಕಾಗಿಲ್ಲ. ಸ್ಟೀಲ್ ಲೋಟ ಸಾಕು.

ಅಂಗಡಿಗಳಲ್ಲಿ ಕೇಳಿಬರುವ ಹೆಸರುಗಳು ಇವು. ಇಂಪೀರಿಯಲ್ ಅಂದರೆ ದಪ್ಪ ಬುರುಡೆಗೆ ಚರ್ಮ ಹೊಲಿದು, ಬಾಯಿಗೆ ಕೆತ್ತನೆಯ ಲೋಹದ ಪಟ್ಟಿ ಕೂರಿಸಿದ್ದು. ಬೆಲೆ ಜಾಸ್ತಿ. ಕಮಿಯೊನೆರೊ ಅಂದರೆ ಲಾರಿ ಚಾಲಕ. ಗಿಡ್ಡಗೆ, ಅಗಲವಾಗಿ, ಇಟ್ಟಲ್ಲಿ ಅಲುಗಾಡದೆ ಕೂರುತ್ತದೆ. ತೊರ್ಪೆದೊ ಉದ್ದನೆಯದು. ಗಶೇತಾ ಬಿಸ್ಕತ್ತಿನ ಹಾಗೆ ಚಪ್ಪಟೆ. ಮೊದಲ ಸಲ ಕೊಳ್ಳುವವರಿಗೆ ನಾನು ಹೇಳುವುದು ಕಮಿಯೊನೆರೊ. ಮೇಜಿನ ಮೇಲೆ ಉರುಳುವುದಿಲ್ಲ, ಒಳಗೆ ಬೆರಳು ಹಾಕಿ ಒರೆಸಲು ಬರುತ್ತದೆ. ಈ ಎರಡನೆಯ ಗುಣ ಎಷ್ಟು ಮುಖ್ಯ ಅಂತ ಮಳೆಗಾಲದಲ್ಲಿ ಗೊತ್ತಾಗುತ್ತದೆ.

ಗಾಜು, ಪಿಂಗಾಣಿ, ಸಿಲಿಕೋನ್, ಸ್ಟೀಲ್ ಪಾತ್ರೆಗಳೂ ಇವೆ. ಅವನ್ನು ಪಳಗಿಸುವ ಕೆಲಸವಿಲ್ಲ, ಸಾಬೂನು ಹಾಕಿ ತೊಳೆಯಬಹುದು. ವಾರಕ್ಕೆ ಒಂದು ಸಲ ಮಾತ್ರ ಕುಡಿಯುವವರು ಅವನ್ನೇ ತೆಗೆದುಕೊಳ್ಳಿ. ಸೋರೆ ಬುರುಡೆ ಬೇಕಾಗಿರುವುದು ದಿನಾ ಕುಡಿಯುವವರಿಗೆ. ಬಳಸದೆ ಇಟ್ಟರೆ ಅದು ಕೆಡುತ್ತದೆ. ಪಾಲೊ ಸಾಂತೊ, ಅಲ್ಗರೋಬೊ ಮರದ ಪಾತ್ರೆಗಳಿಗೂ ಪಳಗಿಸುವಿಕೆ ಬೇಕು. ಅವಕ್ಕೆ ಮೊದಲು ಒಳಗೆ ಬೆಣ್ಣೆ ಅಥವಾ ಎಣ್ಣೆ ಸವರುತ್ತಾರೆ, ಇಲ್ಲದಿದ್ದರೆ ಮರ ಸೀಳುತ್ತದೆ.

ಕೈಗೆ ಎತ್ತಿಕೊಂಡಾಗ ಏನು ನೋಡಬೇಕು

ಮಾಂಟೆವಿಡಿಯೊದಲ್ಲಿ ಭಾನುವಾರ ತ್ರಿಸ್ತಾನ್ ನಾರ್ವಾಹಾ ಬೀದಿಯಲ್ಲಿ ದೊಡ್ಡ ಸಂತೆ ಸೇರುತ್ತದೆ. ಹಳೆ ಪುಸ್ತಕ, ಹಣ್ಣು, ಕೋಳಿಮರಿ, ಬಾಗಿಲ ಚಿಲಕ, ಎಲ್ಲ ಒಂದೇ ಬೀದಿಯಲ್ಲಿ. ಅಲ್ಲಿ ಬುರುಡೆ ಮಾರುವ ಒಬ್ಬ ಅಜ್ಜಿ ನನಗೆ ಆರಿಸುವುದನ್ನು ಕಲಿಸಿದರು. ನಾನು ಬಣ್ಣ ಬಳಿದ ಒಂದನ್ನು ಎತ್ತಿಕೊಂಡಿದ್ದೆ. ಅವರು ಅದನ್ನು ನನ್ನ ಕೈಯಿಂದ ತೆಗೆದಿಟ್ಟು, ಬಣ್ಣವಿಲ್ಲದ ಎರಡು ಬುರುಡೆಗಳನ್ನು ಒಂದೊಂದು ಅಂಗೈಗೆ ಇಟ್ಟರು. ಎರಡೂ ಒಂದೇ ಗಾತ್ರ. ಆದರೆ ಒಂದು ಹಗುರ, ಇನ್ನೊಂದು ಭಾರ. ಭಾರದ್ದರ ಕಡೆ ಕಣ್ಣಲ್ಲೇ ತೋರಿಸಿದರು.

ಭಾರ ಅಂದರೆ ಗೋಡೆ ದಪ್ಪ. ದಪ್ಪ ಗೋಡೆ ಬಿಸಿ ಹಿಡಿದಿಡುತ್ತದೆ, ಬೇಗ ಬಿರುಕು ಬಿಡುವುದಿಲ್ಲ. ಬಾಯಿಯ ಅಂಚಿನಲ್ಲಿ ನೋಡಿದರೆ ದಪ್ಪ ಕಾಣಿಸುತ್ತದೆ. ಅರ್ಧ ಸೆಂಟಿಮೀಟರಿನಷ್ಟಾದರೂ ಇರಲಿ. ಅಂಚಿಗೆ ಲೋಹದ ಪಟ್ಟಿ ಇದ್ದರೆ ಒಳಗೆ ಬೆರಳು ಹಾಕಿ, ಹೊರಗೆ ಹೆಬ್ಬೆರಳು ಇಟ್ಟು ಅಂದಾಜು ಮಾಡಿ.

ಆಮೇಲೆ ತಟ್ಟಿ ನೋಡಿ, ನಮ್ಮಲ್ಲಿ ತೆಂಗಿನಕಾಯಿ ತಟ್ಟುವ ಹಾಗೆ. ಗಟ್ಟಿ, ಚೊಕ್ಕ ಸದ್ದು ಬಂದರೆ ಚೆನ್ನಾಗಿ ಬಲಿತು ಒಣಗಿದೆ. ಮೆತ್ತಗಿನ ಸದ್ದು ಬಂದರೆ ಎಳೆಯದು ಅಥವಾ ಒಳಗೆ ತೇವ ಇದೆ. ಒಡಕು ಮಡಕೆಯ ಸದ್ದು ಬಂದರೆ ಎಲ್ಲೋ ಬಿರುಕಿದೆ.

ಮೂರನೆಯದು ಮೂಗು. ಬಾಯಿಗೆ ಮೂಗು ಹತ್ತಿರ ತಂದು ಮೂಸಿ. ಒಣ ಹುಲ್ಲಿನ ವಾಸನೆ, ಮರದ ಪುಡಿಯ ವಾಸನೆ ಇದ್ದರೆ ಸರಿ. ಮುಗ್ಗಲು ವಾಸನೆ ಬಂದರೆ ಬಿಟ್ಟುಬಿಡಿ. ಅಂಟು, ಪಾಲಿಶ್ ವಾಸನೆ ಬಂದರಂತೂ ಬೇಡವೇ ಬೇಡ. ನಾನು ಒಮ್ಮೆ ಆನ್‌ಲೈನಲ್ಲಿ ತರಿಸಿದ ಬುರುಡೆಯ ಒಳಗೆಲ್ಲ ವಾರ್ನಿಶ್ ಬಳಿದಿದ್ದರು. ಬಿಸಿನೀರು ಹಾಕಿದ ಕೂಡಲೇ ಪೇಂಟ್ ಅಂಗಡಿಯ ವಾಸನೆ ಬಂತು. ಅದನ್ನು ಬಾಯಿಗೆ ಇಡಲು ಧೈರ್ಯ ಬರಲಿಲ್ಲ. ಹೊರಗೆ ವಾರ್ನಿಶ್ ಇರಬಹುದು, ಒಳಗೆ ಇರಬಾರದು. ಒಳಗಿನ ಗೋಡೆ ಬರಿಯಾಗಿ, ತಿಳಿ ಕಂದು ಅಥವಾ ಬಿಳಿ ಬಣ್ಣದಲ್ಲಿ ಇರಬೇಕು.

ತಳವನ್ನೂ ತಿರುಗಿಸಿ ನೋಡಿ. ಹೂವು ಇದ್ದ ಜಾಗದಲ್ಲಿ ಒಂದು ಗುರುತು ಉಳಿದಿರುತ್ತದೆ. ಅಲ್ಲಿಯವರು ಅದನ್ನು ಹೊಕ್ಕುಳು ಅನ್ನುತ್ತಾರೆ. ಬುರುಡೆ ಸೋರಿದರೆ ಹೆಚ್ಚಾಗಿ ಸೋರುವುದು ಅಲ್ಲಿಂದಲೇ. ಹೊಕ್ಕುಳು ಗಟ್ಟಿಯಾಗಿ, ಮುಚ್ಚಿಕೊಂಡು ಇರಬೇಕು. ಕೆಲವಕ್ಕೆ ಅಲ್ಲಿ ಲೋಹದ ಬಿಲ್ಲೆ ಹೊಡೆದಿರುತ್ತಾರೆ. ಅದು ಅಲಂಕಾರವೂ ಹೌದು, ಮುಚ್ಚಳವೂ ಹೌದು. ಕೊನೆಗೆ ಮೊಬೈಲ್ ಟಾರ್ಚ್ ಒಳಗೆ ಹಿಡಿದು ಹೊರಗಿನಿಂದ ನೋಡಿ. ಚರ್ಮ ಇಲ್ಲದ ಬುರುಡೆಯಾದರೆ ಬಿರುಕಿನಲ್ಲಿ ಬೆಳಕಿನ ಗೆರೆ ಕಾಣುತ್ತದೆ.

ಚಿತ್ತಾರ, ಬೆಳ್ಳಿ ಕೆಲಸ, ಕೆತ್ತಿದ ಹೆಸರು, ಇವೆಲ್ಲ ಆಮೇಲೆ. ದುಡ್ಡು ಕೊಡುವುದಾದರೆ ದಪ್ಪ ಗೋಡೆಗೆ ಕೊಡಿ.

ಬೊಂಬಿಶಾ

ಕೊಳವೆಯ ಬಗ್ಗೆ ಎರಡೇ ಮಾತು. ಅದರ ತಳದಲ್ಲಿ ಜರಡಿ ಇರುತ್ತದೆ. ಕಡ್ಡಿ ಇರುವ ಅರ್ಜೆಂಟೀನಾ ಯೆರ್ಬಾಗೆ ಯಾವ ಜರಡಿಯೂ ಸರಿ. ಉರುಗ್ವೆಯ ನುಣ್ಣನೆ ಯೆರ್ಬಾಗೆ ಸಣ್ಣ ತೂತಿನ, ಚಮಚದ ಆಕಾರದ ಜರಡಿ ಬೇಕು, ಇಲ್ಲದಿದ್ದರೆ ಬಾಯಿ ತುಂಬ ಪುಡಿ ಬರುತ್ತದೆ. ಸ್ಟೀಲಿನದು ಒಳ್ಳೆಯದು. ಅಲ್ಪಾಕಾ ಅನ್ನುವ ಲೋಹದ್ದೂ ಸಿಗುತ್ತದೆ. ತಾಮ್ರ, ನಿಕಲ್, ಸತು ಸೇರಿದ ಮಿಶ್ರಲೋಹ ಅದು, ನಾವು ಜರ್ಮನ್ ಸಿಲ್ವರ್ ಅನ್ನುವುದು ಅದನ್ನೇ. ನಿಕಲ್ ಅಲರ್ಜಿ ಇರುವವರು ಸ್ಟೀಲಿನದನ್ನೇ ತೆಗೆದುಕೊಳ್ಳಿ. ಜರಡಿ ಬಿಚ್ಚಿ ತೊಳೆಯಲು ಬರುವಂತಿದ್ದರೆ ಇನ್ನೂ ಒಳ್ಳೆಯದು.

ಪಳಗಿಸುವುದು

ಹೊಸ ದೋಸೆ ಕಾವಲಿಯನ್ನು ತಂದ ದಿನವೇ ಒಲೆ ಮೇಲಿಟ್ಟು ದೋಸೆ ಹೊಯ್ದರೆ ಏಳುತ್ತದಾ? ಹೊಸ ಮಣ್ಣಿನ ಮಡಕೆಯಲ್ಲಿ ಸೀದಾ ಸಾರು ಕುದಿಸುತ್ತೀವಾ? ಬುರುಡೆಯೂ ಹಾಗೆಯೇ. ಸ್ಪ್ಯಾನಿಶ್‌ನಲ್ಲಿ ಇದಕ್ಕೆ ಕುರಾರ್ ಅನ್ನುತ್ತಾರೆ, ವಾಸಿ ಮಾಡುವುದು ಅಂತ. ನಮ್ಮ ಪಳಗಿಸುವುದು ಅನ್ನುವ ಮಾತೇ ಇಲ್ಲಿ ಚೆನ್ನಾಗಿ ಹೊಂದುತ್ತದೆ.

ಹೊಸ ಬುರುಡೆಯ ಒಳಗೆ ಕಾಯಿಯ ತಿರುಳಿನ ಚೂರುಗಳು, ಎಳೆಗಳು ಅಂಟಿಕೊಂಡಿರುತ್ತವೆ. ಅವು ತೇವ ಹೀರಿಕೊಂಡು ಮೊದಲು ಕೊಳೆಯುತ್ತವೆ. ಪಳಗಿಸುವಾಗ ಆಗುವುದು ಎರಡು ಕೆಲಸ. ಆ ಚೂರುಗಳು ನೆನೆದು ಸಡಿಲವಾಗಿ ಕಿತ್ತುಬರುತ್ತವೆ. ಗೋಡೆಯ ಸಣ್ಣ ಸಣ್ಣ ರಂಧ್ರಗಳಿಗೆ ಯೆರ್ಬಾದ ರಸ ಇಳಿದು ಕೂರುತ್ತದೆ.

ಮೊದಲು ಒಳಗೆ ಉಗುರು ಬೆಚ್ಚಗಿನ ನೀರು ಹಾಕಿ ಕುಲುಕಿ ಚೆಲ್ಲಿ. ಧೂಳು, ಬೀಜದ ಸಿಪ್ಪೆ ಹೋಗುತ್ತದೆ. ಹೊರಗೆ ಚರ್ಮ ಇದ್ದರೆ ಅದಕ್ಕೆ ನೀರು ತಾಗದ ಹಾಗೆ ನೋಡಿಕೊಳ್ಳಿ. ಚರ್ಮ ನೆನೆದು ಒಣಗಿದರೆ ಗಟ್ಟಿಯಾಗಿ ಹೊಲಿಗೆ ಎಳೆಯುತ್ತದೆ.

ಆಮೇಲೆ ಮುಕ್ಕಾಲು ಭಾಗ ಯೆರ್ಬಾ ತುಂಬಿ. ಯಾರ ಮನೆಯಲ್ಲಾದರೂ ಕುಡಿದು ಬಿಟ್ಟ ಒದ್ದೆ ಯೆರ್ಬಾ ಸಿಕ್ಕರೆ ಅದನ್ನೇ ಹಾಕಿ, ಹೊಸದನ್ನು ವ್ಯರ್ಥ ಮಾಡುವುದು ಬೇಡ. ನಮ್ಮಲ್ಲಿ ಅದು ಸಿಗುವುದು ಕಷ್ಟ, ಹಾಗಾಗಿ ಹೊಸದನ್ನೇ ಬಳಸಬೇಕಾಗುತ್ತದೆ. ಮೇಲಿಂದ ಬಿಸಿನೀರು ಹಾಕಿ. ಕುದಿಯುವ ನೀರು ಬೇಡ. ಬಾಯಿಯ ಅಂಚಿನವರೆಗೂ ಯೆರ್ಬಾ ನೆನೆದಿರಬೇಕು. ನೀರನ್ನು ಬುರುಡೆ ಹೀರಿಕೊಂಡಂತೆ ಸ್ವಲ್ಪ ಸ್ವಲ್ಪ ಸೇರಿಸುತ್ತಾ ಇರಿ.

ಮಾಂಟೆವಿಡಿಯೊದಲ್ಲಿ ಇದನ್ನು ಇಡೀ ಒಂದು ದಿನ, ಅಂದರೆ 24 ಗಂಟೆ ಬಿಡುತ್ತಾರೆ. ಅಲ್ಲಿಯ ಚಳಿಗೆ ಅದು ಸರಿ. ನಮ್ಮ ಹವೆಗೆ ಅದು ಜಾಸ್ತಿ ಅನ್ನುವುದು ನನ್ನ ಅನುಭವ. ಮಂಗಳೂರಿನ ಸೆಖೆಯಲ್ಲಿ, ಬಳ್ಳಾರಿಯ ಬಿಸಿಲಲ್ಲಿ ಒದ್ದೆ ಸೊಪ್ಪು ಒಂದು ದಿನ ಹಾಗೇ ಇದ್ದರೆ ಹುಳಿ ವಾಸನೆ ಹಿಡಿಯುತ್ತದೆ. ರಾತ್ರಿ ಮಲಗುವಾಗ ಹಾಕಿ, ಬೆಳಿಗ್ಗೆ ತೆಗೆಯಿರಿ. ಹತ್ತು ಹನ್ನೆರಡು ಗಂಟೆ ಸಾಕು.

ಬೆಳಿಗ್ಗೆ ಯೆರ್ಬಾ ಚೆಲ್ಲಿ. ಗಿಡದ ಬುಡಕ್ಕೆ ಹಾಕಿದರೆ ಒಳ್ಳೆಯದು. ಈಗ ಬುರುಡೆಯ ಒಳಗೋಡೆ ಮುಟ್ಟಿ ನೋಡಿ, ಮೆತ್ತಗಾಗಿರುತ್ತದೆ. ಚಿಕ್ಕ ಸ್ಟೀಲ್ ಚಮಚದಿಂದ ಮೆಲ್ಲಗೆ ಕೆರೆಯಿರಿ. ನೆನೆದ ತಿರುಳು ಹಸಿರು ಮೆತ್ತಿಕೊಂಡ ಪದರದ ಹಾಗೆ ಬರುತ್ತದೆ, ತೆಂಗಿನ ಎಳನೀರಿನ ತೆಳು ಗಂಜಿಯನ್ನು ಕೆರೆದಂತೆ. ತಾನಾಗಿ ಬಂದಷ್ಟನ್ನು ಮಾತ್ರ ತೆಗೆಯಿರಿ. ಚಮಚಕ್ಕೆ ಗಟ್ಟಿ ಗೋಡೆ ಸಿಕ್ಕ ಕೂಡಲೇ ನಿಲ್ಲಿಸಿ. ಚಾಕು ಬೇಡ. ತಳದಲ್ಲಿ ಕೆಲವೊಮ್ಮೆ ಒಂದು ಗಟ್ಟಿ ಮೊಳೆಯಂಥ ತುಂಡು ನಿಂತಿರುತ್ತದೆ. ಅದನ್ನು ಯಾವ ಕಾರಣಕ್ಕೂ ಕೀಳಬೇಡಿ. ಅದನ್ನು ಕಿತ್ತರೆ ಅಲ್ಲೇ ತೂತಾಗಿ ಸೋರಲು ಶುರುವಾಗುತ್ತದೆ.

ಬೆಚ್ಚಗಿನ ನೀರಲ್ಲಿ ತೊಳೆದು, ಬಟ್ಟೆಯಿಂದ ಒರೆಸಿ, ಒಂದು ಹಗಲು ಗಾಳಿಗೆ ಇಡಿ. ರಾತ್ರಿ ಮತ್ತೆ ಅದೇ ಕೆಲಸ. ಹೀಗೆ ಮೂರು ರಾತ್ರಿ. ಮೂರನೇ ಬೆಳಿಗ್ಗೆ ಕೆರೆದಾಗ ಏನೂ ಬರದಿದ್ದರೆ, ಒಳಗೋಡೆ ಒಂದೇ ಸಮನೆ ಕಂದು ಹಸಿರಾಗಿದ್ದರೆ ಬುರುಡೆ ಪಳಗಿತು. ಇನ್ನೂ ತಿರುಳು ಬರುತ್ತಿದ್ದರೆ ನಾಲ್ಕನೇ ರಾತ್ರಿಯೂ ಮಾಡಿ, ಅವಸರ ಬೇಡ. ಮೊದಲ ಕೆಲವು ಮಾತೆಗಳಲ್ಲಿ ಸ್ವಲ್ಪ ಕಾಯಿಯ ಒಗರು ಇರುತ್ತದೆ. ವಾರದಲ್ಲಿ ಅದು ಹೋಗುತ್ತದೆ.

ಕೆಲವರು ಬೆಣ್ಣೆ ಸವರಿ, ಸಕ್ಕರೆ ಸುಟ್ಟು, ಮದ್ಯ ಹಾಕಿ ಪಳಗಿಸುತ್ತಾರೆ. ಸೋರೆ ಬುರುಡೆಗೆ ಜಿಡ್ಡು ಬೇಡ ಅನ್ನುವುದು ನನ್ನ ಅಭಿಪ್ರಾಯ. ಸೆಖೆಯಲ್ಲಿ ಕಮಟು ವಾಸನೆ ಬರುತ್ತದೆ. ಸೊಪ್ಪು, ನೀರು, ಗಾಳಿ, ಇಷ್ಟೇ ಸಾಕು.

ಕುಡಿಯುವಾಗ

ಬುರುಡೆಯ ಅರ್ಧಕ್ಕಿಂತ ಜಾಸ್ತಿ, ಮುಕ್ಕಾಲಿಗಿಂತ ಕಡಿಮೆ ಯೆರ್ಬಾ ಹಾಕಿ. ಅಂಗೈಯಿಂದ ಬಾಯಿ ಮುಚ್ಚಿ, ತಲೆಕೆಳಗು ಮಾಡಿ, ನಾಲ್ಕೈದು ಸಲ ಅಲ್ಲಾಡಿಸಿ. ನುಣ್ಣನೆ ಪುಡಿ ಅಂಗೈಗೆ ಅಂಟುತ್ತದೆ, ಅದನ್ನು ಊದಿಬಿಡಿ. ಓರೆಯಾಗಿ ಹಿಡಿದು ನಿಧಾನಕ್ಕೆ ನೇರ ಮಾಡಿದರೆ ಯೆರ್ಬಾ ಒಂದು ಬದಿಗೆ ದಿಬ್ಬವಾಗಿ ನಿಲ್ಲುತ್ತದೆ. ತಗ್ಗಿನ ಬದಿಗೆ ಮೊದಲು ಉಗುರು ಬೆಚ್ಚಗಿನ ನೀರು ಸ್ವಲ್ಪ ಹಾಕಿ, ಎರಡು ನಿಮಿಷ ಬಿಡಿ. ಆಮೇಲೆ ಬೊಂಬಿಶಾದ ಬಾಯಿಯನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡು ಆ ಒದ್ದೆ ಜಾಗದಲ್ಲಿ ತಳದವರೆಗೆ ಇಳಿಸಿ. ಇನ್ನು ಅದನ್ನು ಅಲುಗಿಸಬೇಡಿ, ಚಮಚದ ಹಾಗೆ ತಿರುಗಿಸಲೂ ಬೇಡಿ. ಜರಡಿ ಕಟ್ಟಿಕೊಳ್ಳುತ್ತದೆ.

ನೀರು 70ರಿಂದ 80 ಡಿಗ್ರಿ ಸೆಲ್ಸಿಯಸ್. ಥರ್ಮಾಮೀಟರ್ ಬೇಕಾಗಿಲ್ಲ. ಪಾತ್ರೆಯ ತಳದಲ್ಲಿ ಸಣ್ಣ ಗುಳ್ಳೆ ಎದ್ದು, ಸುಂಯ್ ಅಂತ ಸದ್ದು ಶುರುವಾದಾಗ ಇಳಿಸಿಬಿಡಿ. ಕುದಿ ಬಂದರೆ ಯೆರ್ಬಾ ಸುಟ್ಟ ಹಾಗಾಗಿ ಕಹಿ ಏರುತ್ತದೆ, ಬುರುಡೆಗೂ ಅದು ಒಳ್ಳೆಯದಲ್ಲ. ಇನ್ನೂ ಒಂದು ಕಾರಣವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ, 65 ಡಿಗ್ರಿಗಿಂತ ಬಿಸಿಯಾದ ಯಾವುದೇ ಪಾನೀಯ ಕುಡಿಯುವುದು ಅನ್ನನಾಳದ ಕ್ಯಾನ್ಸರ್‌ಗೆ ಕಾರಣವಾಗುವ ಸಾಧ್ಯತೆ ಇದೆ ಅಂತ ಹೇಳಿತು. ಅಷ್ಟು ಬಿಸಿ ಇಲ್ಲದ ಮಾತೆಯ ಮೇಲೆ ಅದು ಅಂಥ ಆರೋಪ ಹೊರಿಸಲಿಲ್ಲ. ಲೋಹದ ಕೊಳವೆಯಲ್ಲಿ ಹೀರುವಾಗ ಬಿಸಿ ಸೀದಾ ಗಂಟಲಿಗೆ ಹೋಗುತ್ತದೆ. ಹಾಗಾಗಿ ನೀರು ಹಾಕಿದ ಮೇಲೆ ಸ್ವಲ್ಪ ತಡೆದು ಹೀರಿ. ಬೆಂಗಳೂರಿನ ಕಾಫಿಯ ಹಾಗೆ ಹೊಗೆಯಾಡುವಾಗಲೇ ಕುಡಿಯಬೇಕು ಅಂತೇನಿಲ್ಲ.

ನಾಲ್ಕು ಜನ ಕೂತಾಗ ಒಬ್ಬರೇ ನೀರು ಹಾಕುತ್ತಾರೆ, ಒಂದೇ ಬುರುಡೆ ಸುತ್ತು ಬರುತ್ತದೆ. ನಿಮ್ಮ ಸರದಿ ಮುಗಿದಾಗ 'ಗ್ರಾಸಿಯಾಸ್' ಅಂದರೆ ನನಗೆ ಇನ್ನು ಸಾಕು ಅಂತ ಅರ್ಥ. ಇನ್ನೂ ಬೇಕಿದ್ದರೆ ಸುಮ್ನೆ ಬುರುಡೆ ವಾಪಸ್ ಕೊಡಿ. ನನಗೆ ಇದು ಗೊತ್ತಿಲ್ಲದೆ ಮೊದಲ ವಾರವೆಲ್ಲ ಒಂದೇ ಮಾತೆ ಸಿಕ್ಕಿತ್ತು.

ದಿನದ ಜೋಪಾನ

ಬುರುಡೆ ದಿನಾ ನೆನೆಯಬೇಕು, ದಿನಾ ಒಣಗಬೇಕು. ಎರಡರಲ್ಲಿ ಯಾವುದು ತಪ್ಪಿದರೂ ಹಾಳು. ಸದಾ ಒದ್ದೆ ಇದ್ದರೆ ಕೊಳೆಯುತ್ತದೆ. ತಿಂಗಳುಗಟ್ಟಲೆ ಒಣಗಿ ಕೂತರೆ ಬಿರುಕು ಬಿಡುತ್ತದೆ.

ಕುಡಿದು ಮುಗಿದ ಮೇಲೆ ಯೆರ್ಬಾವನ್ನು ಒಳಗೆ ಬಿಟ್ಟು ಎದ್ದು ಹೋಗಬೇಡಿ. ಬುರುಡೆ ಹಾಳಾಗುವುದು ಹೆಚ್ಚಾಗಿ ಈ ಒಂದು ಅಭ್ಯಾಸದಿಂದ. ಆಫೀಸಿನಲ್ಲಿ ಸಂಜೆ ಮೇಜಿನ ಮೇಲೆ ಬಿಟ್ಟು ಬಂದು, ಶನಿವಾರ ಭಾನುವಾರ ಕಳೆದು ಸೋಮವಾರ ನೋಡಿದರೆ ಬಿಳಿ ಹತ್ತಿಯ ಹಾಗೆ ಬೆಳೆದಿರುತ್ತದೆ. ಅಲ್ಲೇ ಚೆಲ್ಲಿ, ಬೆಚ್ಚಗಿನ ನೀರಲ್ಲಿ ಎರಡು ಸಲ ಕುಲುಕಿ ತೊಳೆಯಿರಿ. ಸಾಬೂನು, ವಿಮ್, ಸ್ಕ್ರಬ್ಬರ್ ಏನೂ ಬೇಡ. ಗೋಡೆ ಸಾಬೂನನ್ನು ಹೀರಿಕೊಳ್ಳುತ್ತದೆ, ಮರುದಿನ ನಿಮ್ಮ ಬಾಯಿಗೆ ಅದೇ ಬರುತ್ತದೆ. ಹಳೆ ಕಾಟನ್ ಪಂಚೆಯ ತುಂಡನ್ನು ಬೆರಳಿಗೆ ಸುತ್ತಿಕೊಂಡು ಒಳಗೆಲ್ಲ ಒರೆಸಿ. ಟಿಶ್ಯೂ ಬೇಡ, ಅದು ಹರಿದು ಒಳಗೇ ಅಂಟುತ್ತದೆ.

ಒಣಗಿಸುವಾಗ ಪೂರ್ತಿ ಮಗುಚಿ ಇಡಬೇಡಿ. ತಟ್ಟೆಯ ಮೇಲೆ ಬೋರಲು ಹಾಕಿದರೆ ನೀರು ಇಳಿಯುತ್ತದೆ ನಿಜ, ಆದರೆ ಒಳಗಿನ ಆವಿಗೆ ಹೋಗಲು ದಾರಿಯಿಲ್ಲ. ಬದಿಗೆ ಒರಗಿಸಿ ಇಡಿ, ಬಾಯಿ ಗಾಳಿ ಬರುವ ಕಡೆಗಿರಲಿ. ಅಡುಗೆಮನೆ ಕಿಟಕಿಯ ಪಕ್ಕ ನೆರಳಲ್ಲಿ ಇದ್ದರೆ ಸಾಕು. ನಡು ಮಧ್ಯಾಹ್ನದ ಸುಡುಬಿಸಿಲಿಗೆ ಇಟ್ಟರೆ ಗೋಡೆ ಒಂದು ಕಡೆ ಬೇಗ ಒಣಗಿ ಸೀಳುತ್ತದೆ. ಓವನ್, ಮೈಕ್ರೋವೇವ್, ಡಿಶ್‌ವಾಶರ್ ಕಡೆ ಅದನ್ನು ತೆಗೆದುಕೊಂಡೇ ಹೋಗಬೇಡಿ. ಕಪಾಟಿನಲ್ಲಿ ಮುಚ್ಚಿಡುವುದೂ ಬೇಡ, ಪ್ಲಾಸ್ಟಿಕ್ ಚೀಲವಂತೂ ಬೇಡವೇ ಬೇಡ.

ಬೊಂಬಿಶಾವನ್ನು ಪ್ರತಿ ಸಲ ನಲ್ಲಿ ನೀರಿಗೆ ಹಿಡಿಯಿರಿ. ತಿಂಗಳಿಗೆ ಒಮ್ಮೆ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಹತ್ತು ನಿಮಿಷ ಕುದಿಸಿದರೆ ಒಳಗಿನ ಕರಿ ಕಂದು ಪದರ ಬಿಡುತ್ತದೆ. ಚರ್ಮಕ್ಕೆ ಆರು ತಿಂಗಳಿಗೊಮ್ಮೆ ಬಣ್ಣವಿಲ್ಲದ ಶೂ ಕ್ರೀಮ್ ತೆಳ್ಳಗೆ ಸವರಿ, ಅಂಚಿನ ಹತ್ತಿರ ತಾಗಿಸದೆ.

ಮಳೆಗಾಲ ಮತ್ತು ಬೂಷ್ಟು

ಆ ಮೊದಲ ಬುರುಡೆಯನ್ನು ನಾನು ಕಳೆದುಕೊಂಡಿದ್ದು ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ, ಜುಲೈ ತಿಂಗಳಲ್ಲಿ. ಎಂದಿನಂತೆ ತೊಳೆದು ಕಿಟಕಿ ಪಕ್ಕ ಇಟ್ಟಿದ್ದೆ. ಆದರೆ ಮಲೆನಾಡಿನ ಮಳೆಗಾಲದಲ್ಲಿ ಕಿಟಕಿ ಪಕ್ಕ ಇಟ್ಟ ಬಟ್ಟೆಯೇ ಒಣಗುವುದಿಲ್ಲ. ನಾಲ್ಕನೇ ದಿನ ಒಳಗೆ ಬೆರಳು ಹಾಕಿದಾಗ ಜಾರಿತು. ಟಾರ್ಚ್ ಹಾಕಿ ನೋಡಿದೆ. ತಳದಲ್ಲಿ ಬೂದು ಹಸಿರು ಚುಕ್ಕೆಗಳು, ಅವುಗಳ ಮೇಲೆ ಸಣ್ಣ ರೋಮ. ಎರಡು ಸಲ ತೊಳೆದೆ, ಎರಡು ಸಲವೂ ತಿರುಗಿ ಬಂತು. ಗೋಡೆಯ ಆಳಕ್ಕೆ ಇಳಿದಿತ್ತು. ಅಮ್ಮ ಅದನ್ನು ಬಿಸಿಲು ಬಂದ ಮೇಲೆ ಒಣಗಿಸಿ, ಒಲೆಯ ಮೇಲೆ ಹೊಗೆಗೆ ನೇತುಹಾಕಿ, ಈಗ ಸೌತೆ ಬೀಜ ತುಂಬಿಟ್ಟಿದ್ದಾಳೆ. ಬೀಜಕ್ಕೆ ಅದು ಚೆನ್ನಾಗಿಯೇ ಇದೆ.

ಹಾಗಾಗಿ ಮಲೆನಾಡು, ಕರಾವಳಿ, ಕೊಡಗಿನವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬುರುಡೆಯನ್ನು ಬೇರೆ ರೀತಿ ನೋಡಿಕೊಳ್ಳಬೇಕು. ತೊಳೆದು ಒರೆಸಿದ ಮೇಲೆ ಫ್ಯಾನ್ ಕೆಳಗೆ ಇಡಿ. ಅಥವಾ ಒಳಗೆ ಹತ್ತಿ ಬಟ್ಟೆಯ ತುಂಡು ತುರುಕಿ, ಅರ್ಧ ಗಂಟೆಗೆ ತೆಗೆದು ಇನ್ನೊಂದು ಒಣ ತುಂಡು ಹಾಕಿ. ಎರಡು ಬುರುಡೆ ಇದ್ದರೆ ದಿನ ಬಿಟ್ಟು ದಿನ ಬಳಸಿ, ಒಣಗಲು ಎರಡು ದಿನ ಸಿಗುತ್ತದೆ. ಇದ್ಯಾವುದೂ ಆಗದು ಅನ್ನುವವರು ಮಳೆಗಾಲದ ಮೂರು ನಾಲ್ಕು ತಿಂಗಳು ಸ್ಟೀಲ್ ಅಥವಾ ಗಾಜಿನದರಲ್ಲಿ ಕುಡಿಯಿರಿ. ಬುರುಡೆಯನ್ನು ಮೇ ತಿಂಗಳಲ್ಲೇ ಚೆನ್ನಾಗಿ ಒಣಗಿಸಿ, ಹಗುರ ಬಟ್ಟೆಯ ಚೀಲದಲ್ಲಿ ಹಾಕಿ, ಒಣಗಿದ ಜಾಗದಲ್ಲಿ ತೂಗುಹಾಕಿ. ಈಗ ನಾನು ಮಾಡುವುದು ಹೀಗೆಯೇ. ಮತ್ತೆ ತೆಗೆದಾಗ ಒಂದು ರಾತ್ರಿ ಪಳಗಿಸಿ ಬಳಸಬೇಕು.

ಬೂಷ್ಟು ಕಂಡರೆ ಏನು ಮಾಡಬೇಕು? ಮೇಲ್ಮೈಯಲ್ಲಿ ಸ್ವಲ್ಪ ಬಿಳಿ ಮಾತ್ರ ಇದ್ದರೆ ಚಮಚದಿಂದ ಕೆರೆದು ತೆಗೆಯಿರಿ. ಕುದಿಯುವ ನೀರು ತುಂಬಿ ಹತ್ತು ನಿಮಿಷ ಬಿಟ್ಟು ಚೆಲ್ಲಿ. ಈ ಒಂದು ಸಲಕ್ಕೆ ಮಾತ್ರ ಕುದಿಯುವ ನೀರು. ಬೆಳಗಿನ ಎಳೆ ಬಿಸಿಲಲ್ಲಿ ಎರಡು ದಿನ ಒಣಗಿಸಿ, ಮತ್ತೆ ಮೊದಲಿನಿಂದ ಪಳಗಿಸಿ. ಕಪ್ಪು ಚುಕ್ಕೆ ಗೋಡೆಯೊಳಗೆ ಇಳಿದಿದ್ದರೆ, ಒಣಗಿದ ಮೇಲೂ ಮುಗ್ಗಲು ವಾಸನೆ ಉಳಿದರೆ, ಎರಡನೇ ಸಲವೂ ಬಂದರೆ ಅದರಲ್ಲಿ ಕುಡಿಯುವುದನ್ನು ಬಿಟ್ಟುಬಿಡಿ. ಎಷ್ಟೇ ದುಡ್ಡು ಕೊಟ್ಟಿದ್ದರೂ ಸರಿ, ಎಷ್ಟೇ ಇಷ್ಟದ್ದಾದರೂ ಸರಿ. ಬೂಷ್ಟಿನ ವಿಷಯದಲ್ಲಿ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು.

ಒಳಗೋಡೆ ಕಪ್ಪು ಕಂದಾಗುವುದಕ್ಕೆ ಹೆದರಬೇಡಿ. ಅದು ಯೆರ್ಬಾದ ಕರೆ. ನಯವಾಗಿ, ವಾಸನೆಯಿಲ್ಲದೆ, ಒಂದೇ ಬಣ್ಣದಲ್ಲಿ ಇದ್ದರೆ ಅದು ಪಳಗಿದ ಗುರುತು. ಚುಕ್ಕೆ ಚುಕ್ಕೆಯಾಗಿ, ರೋಮ ಎದ್ದಿದ್ದರೆ ಬೂಷ್ಟು.

ಬಿರುಕು ಬಿಟ್ಟರೆ

ಬಾಯಿಯ ಅಂಚಿನಲ್ಲಿ ಕೂದಲೆಳೆಯಷ್ಟು ಸೀಳು ಬಂದರೆ ಭಯವಿಲ್ಲ. ಬುರುಡೆ ನೆನೆದಾಗ ಉಬ್ಬಿ ಅದು ತಾನೇ ಮುಚ್ಚಿಕೊಳ್ಳುತ್ತದೆ. ಲೋಹದ ಪಟ್ಟಿ ಹಾಕಿಸಿದರೆ ಮುಂದೆ ಹೋಗುವುದಿಲ್ಲ. ತಳದಲ್ಲಿ ಸೋರಿದರೆ ಸರಿ ಮಾಡಲು ಹೋಗಬೇಡಿ. ಎಂಸೀಲ್, ಫೆವಿಕ್ವಿಕ್ ಹಾಕಿ ಮುಚ್ಚಿದ ಪಾತ್ರೆಯಲ್ಲಿ ಬಿಸಿನೀರು ಕುಡಿಯುವುದು ಬೇಡ. ಅಂಟಿಸಿದ ಬುರುಡೆಯಲ್ಲಿ ಪೆನ್ನು ಇಟ್ಟುಕೊಳ್ಳಿ.

ನಮ್ಮ ಹಿತ್ತಲ ಸೋರೆಯಲ್ಲೇ ಮಾಡಿಕೊಳ್ಳಬಹುದಾ?

ಈ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಜಾತಿ ಒಂದೇ ಆದ್ದರಿಂದ ಆಗುತ್ತದೆ. ಆದರೆ ಪಲ್ಯಕ್ಕೆ ಬೆಳೆಯುವ ಉದ್ದ ಸೋರೆಯ ಸಿಪ್ಪೆ ತೆಳು, ಒಣಗಿದಾಗ ಮೊಟ್ಟೆಯ ಚಿಪ್ಪಿನ ಹಾಗೆ ಒಡೆಯುತ್ತದೆ. ಗುಂಡಗಿನ, ದಪ್ಪ ಸಿಪ್ಪೆಯ ನಾಟಿ ತಳಿ ಬೇಕು. ಕಾಯಿಯನ್ನು ಬಳ್ಳಿಯಲ್ಲೇ ಬಿಟ್ಟು, ಬಳ್ಳಿ ಪೂರ್ತಿ ಒಣಗಿದ ಮೇಲೆ ತೊಟ್ಟು ಸಮೇತ ಕೊಯ್ದು, ಮಳೆ ತಾಗದ ಜಾಗದಲ್ಲಿ ತಿಂಗಳುಗಟ್ಟಲೆ ನೇತುಹಾಕಬೇಕು. ಅಲ್ಲಾಡಿಸಿದಾಗ ಬೀಜ ಗಲಗಲ ಅನ್ನಬೇಕು. ಆಮೇಲೆ ಸಣ್ಣ ಹಲ್ಲಿನ ಗರಗಸದಿಂದ ಬಾಯಿ ಕೊಯ್ದು, ಬೀಜ ಮತ್ತು ತಿರುಳು ತೆಗೆದು, ಅಂಚನ್ನು ಉಪ್ಪುಕಾಗದದಿಂದ ನುಣುಪು ಮಾಡಿ. ಕೊರೆಯುವಾಗ ಏಳುವ ಪುಡಿ ಕೆಟ್ಟದ್ದು, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ತಂಬೂರಿಗೆ ತಂದ ಬುರುಡೆ, ಅಂಗಡಿಯ ಅಲಂಕಾರದ ಬುರುಡೆ ಇದಕ್ಕೆ ಬೇಡ. ಅವಕ್ಕೆ ಏನು ಬಳಿದಿದ್ದಾರೋ ಗೊತ್ತಾಗುವುದಿಲ್ಲ.

ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಕಹಿ ಸೋರೆಯಲ್ಲಿ ಕುಕುರ್ಬಿಟಾಸಿನ್ ಅನ್ನುವ ವಿಷವಿರುತ್ತದೆ. ನಮ್ಮ ದೇಶದಲ್ಲಿ ಕಹಿ ಸೋರೆಯ ರಸ ಕುಡಿದು ಸತ್ತವರಿದ್ದಾರೆ. ಮನೆಯಲ್ಲಿ ಮಾಡಿದ ಬುರುಡೆಯನ್ನು ಪಳಗಿಸುವ ಮೊದಲು ಬರೀ ನೀರು ತುಂಬಿ ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಒಂದು ಹನಿ ನಾಲಗೆಗೆ ತಾಗಿಸಿ ಉಗುಳಿಬಿಡಿ. ಮಾತೆಯೇ ಕಹಿ ಪಾನೀಯವಾದ್ದರಿಂದ ಸೊಪ್ಪು ಹಾಕಿದ ಮೇಲೆ ಬುರುಡೆಯ ಕಹಿ ಯಾವುದು, ಯೆರ್ಬಾದ ಕಹಿ ಯಾವುದು ಅಂತ ತಿಳಿಯುವುದಿಲ್ಲ. ಬರೀ ನೀರು ಕಹಿಯಾಗಿದ್ದರೆ ಆ ಬುರುಡೆ ಕುಡಿಯಲು ಬೇಡ, ಅದರ ಬೀಜವನ್ನೂ ಮತ್ತೆ ಬಿತ್ತಬೇಡಿ.